ಎರಡು ಮನೆಯ ಬೊಂತೆ

ಕತ್ತರಿ ಯಾವತ್ತೂ ನಾವಿಲ್ಲದ ಮನೆಯಲ್ಲೇ ಇರುತ್ತದೆ. ಇದನ್ನು ನಾನು ಯಾವ ಪುಸ್ತಕದಲ್ಲೂ ಓದಿದವಳಲ್ಲ, ವಾರವಾರ ರೈಲು ಹತ್ತಿ ಇಳಿದು ಕಲಿತವಳು. ಆಗ ನನಗೆ ಚಿಂತಾಮಣಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ, ಸಂಸಾರ ಶಿಡ್ಲಘಟ್ಟದಲ್ಲಿ. ಶನಿವಾರ ಮಧ್ಯಾಹ್ನ ಆ ಪುಟ್ಟ ರೈಲಿನಲ್ಲಿ ಕೂತರೆ ಸೊಸೆ, ಸೋಮವಾರ ಬೆಳಗ್ಗೆ ಅದೇ ರೈಲಿನಲ್ಲಿ ವಾಪಸು ಹೊರಟರೆ ಟೀಚರಮ್ಮ. ಅದೇನು ಅವಸರದ ರೈಲಲ್ಲ. ಹಳಿಯ ಪಕ್ಕ ಹುಲ್ಲು ಕೊಯ್ಯುವವರು ಕುಶಲ ಕೇಳಿದರೆ ನಿಧಾನವಾಗಿ ಉತ್ತರ ಹೇಳಿ ಮುಗಿಸಬಹುದಿತ್ತು. ಆದರೂ ಹೊರಡುವಾಗ ಮಾತ್ರ ನನಗೆ ಎಲ್ಲಿಲ್ಲದ ಗಡಿಬಿಡಿ. ಚೀಲಕ್ಕೆ ಸೂಜಿ ಹಾಕಿದರೆ ನೂಲು ಬಿಟ್ಟೆ, ನೂಲು ಹಾಕಿದರೆ ಕತ್ತರಿ ಬಿಟ್ಟೆ. ಬುದ್ಧಿವಂತಳ ಹಾಗೆ ಇನ್ನೊಂದು ಕತ್ತರಿ ಕೊಂಡೆ. ತಿಂಗಳಾಗುವುದರೊಳಗೆ ಎರಡೂ ಕತ್ತರಿ ಶಿಡ್ಲಘಟ್ಟದಲ್ಲಿ ಜೋಡಿಯಾಗಿ ಕೂತಿದ್ದವು, ನಾನು ಚಿಂತಾಮಣಿಯಲ್ಲಿ ಹಲ್ಲಿನಿಂದ ದಾರ ಕಡಿಯುತ್ತಿದ್ದೆ. ಇದರ ಜೊತೆಗೆ ಚಾಳೀಸು ಬೇರೆ ಬಂದಿತ್ತು. ಚಿಕ್ಕಬಳ್ಳಾಪುರಕ್ಕೆ ಹೋಗಿ ಮಾಡಿಸಿಕೊಂಡ ಕನ್ನಡಕವೂ ಕತ್ತರಿಯ ಸಹವಾಸ ಮಾಡಿ ಅದರ ಗುಣವನ್ನೇ ಕಲಿಯಿತು.

ಇಷ್ಟೆಲ್ಲ ಪಾಡು ಯಾತಕ್ಕೆ ಅಂದರೆ, ಒಂದು ಬೊಂತೆಗೆ. ಹಳೆಯ ಸೀರೆ, ಪಂಚೆಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣದ ಚೂರುಗಳನ್ನು ಜೋಡಿಸಿ, ಅಂಚಿನಿಂದ ನಡುವಿನವರೆಗೆ ಸಾಲುಸಾಲು ಹೊಲಿಗೆ ಹಾಕುವ ಹೊದಿಕೆ. ನಮ್ಮ ಕಡೆ ಹುಟ್ಟಿದ ಪ್ರತಿ ಕೂಸೂ ಮೊದಲು ಮಲಗುವುದು ಇದರ ಮೇಲೆಯೇ. ನನ್ನ ನಾದಿನಿ ಕಮಲ ಹೆರಿಗೆಗೆ ತವರಿಗೆ ಬಂದಿದ್ದಳು. ಅವಳ ಮೊದಲ ಮಗು ಕೈಗೆ ದಕ್ಕಿರಲಿಲ್ಲ. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ, ಆದರೆ ಎಲ್ಲರೂ ಅದರ ಸುತ್ತಲೇ ಹುಷಾರಾಗಿ ಕಾಲಿಟ್ಟು ಓಡಾಡುತ್ತಿದ್ದೆವು. ಈ ಸಲವಾದರೂ ಮಗು ಉಳಿಯಲಿ ಅಂತ ನನಗೆ ಎಷ್ಟು ಆಸೆ ಇತ್ತೆಂದರೆ, ಅದನ್ನು ಬಾಯಿಬಿಟ್ಟು ಹೇಳಲಾಗದೆ ಸೂಜಿ ಹಿಡಿದೆ.

ನಿಜವಾಗಿ ಇದು ನಮ್ಮ ಅತ್ತೆಯ ಕೆಲಸ. ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಬಸುರಿ ಇದ್ದರೂ ಹಳೇ ಬಟ್ಟೆಯ ಗಂಟು ಅತ್ತೆಯ ಜಗಲಿಗೆ ಬರುತ್ತಿತ್ತು. ನನ್ನ ಮಗನ ಬೊಂತೆಯನ್ನು ಹೊಲಿದವರೂ ಅವರೇ. ಅದನ್ನು ಹೊದ್ದು ಅವನು ಹೈಸ್ಕೂಲಿನವರೆಗೂ ನಿದ್ದೆ ಮಾಡಿದ. ಅಂಥವರು ಸ್ವಂತ ಮಗಳ ಮಗುವಿಗೆ ಹೊಲಿಯಿರಿ ಅಂದರೆ ಬೆರಳು ನೋವು ಅಂದುಬಿಟ್ಟರು. ಅದೇ ಬೆರಳಿನಿಂದ ಮಾರನೆಯ ದಿನ ರಾಗಿ ಬೀಸುತ್ತಿದ್ದುದನ್ನು ನಾನು ನೋಡಿದೆ. ನೋಡಿ ಸುಮ್ಮನಾದೆ ಅಂತ ಹೇಳಿದರೆ ನನ್ನನ್ನು ಬಲ್ಲವರು ನಗುತ್ತಾರೆ. ಯಾಕತ್ತೆ ಅಂತ ಕೇಳಿದೆ. ಅವರು ಬೀಸುವ ಪದ ಸ್ವಲ್ಪ ಜೋರಾಗಿ ಹೇಳತೊಡಗಿದರು.

ಹೀಗೆ ಬೊಂತೆ ನನ್ನ ಕೈಗೆ ಬಂತು, ನನ್ನ ಜೊತೆ ರೈಲು ಹತ್ತಿತು. ರೈಲಿನಲ್ಲಿ ಅದನ್ನು ತೊಡೆಯ ಮೇಲೆ ಹರಡಿದರೆ ಸಾಕು, ಕೈವಾರ ಕ್ಷೇತ್ರಕ್ಕೆ ಹೋಗಿಬಂದ ಅಜ್ಜಿಯರೆಲ್ಲ ಸುತ್ತ ಸೇರಿ ಒಬ್ಬೊಬ್ಬರು ಒಂದೊಂದು ಬುದ್ಧಿ ಹೇಳುವವರೇ. ಹೊಲಿಗೆ ದೂರ ಆಯಿತು ಅಂತ ಒಬ್ಬರು, ಒತ್ತಾಯಿತು ಅಂತ ಒಬ್ಬರು. ಒಬ್ಬ ಅಜ್ಜಿಯಂತೂ ನನ್ನ ಕೈಯಿಂದ ಸೂಜಿಯನ್ನೇ ಕಿತ್ತುಕೊಂಡು ಒಂದು ಸಾಲು ಹಾಕಿ, ಇಳಿಯುವ ಊರು ಹಿಂದೆ ಹೋಯಿತಲ್ಲಪ್ಪಾ ಅಂತ ಗಾಬರಿಯಾದರು. ಈ ನಡುವೆ ನನ್ನ ಕಣ್ಣಿಗೊಂದು ವಿಚಿತ್ರ ಬಿತ್ತು. ಚಿಂತಾಮಣಿಯಲ್ಲಿ ಶಾಲೆ ಮುಗಿಸಿ ಬಂದು ನೋಡಿದರೆ ನಾನು ಹಾಕಿದ್ದಕ್ಕಿಂತ ಹೊಲಿಗೆ ಹೆಚ್ಚಾಗಿರುತ್ತಿತ್ತು. ಶಿಡ್ಲಘಟ್ಟದಿಂದ ಹೊರಟು ರೈಲಿನಲ್ಲಿ ಹರಡಿ ನೋಡಿದರೆ ಕಡಿಮೆಯಾಗಿರುತ್ತಿತ್ತು. ಮೊದಲು ನನಗೇ ಅರಳುಮರಳು ಹಿಡಿಯಿತೇನೋ ಅಂದುಕೊಂಡೆ. ಆಮೇಲೆ, ಹುಡುಗಿಯರಿಗೆ ದಿನಾ ಲೆಕ್ಕ ಹೇಳಿಕೊಡುವವಳಿಗೆ ಕೂಡುವುದು ಕಳೆಯುವುದು ಮರೆತೀತೇ ಅಂತ ರೋಷ ಬಂತು. ಇನ್ನೂ ಒಂದು ಸೋಜಿಗವಿತ್ತು. ಶಿಡ್ಲಘಟ್ಟದ ಮನೆಯಲ್ಲಿದ್ದ ನೂಲು ಎಷ್ಟು ಹೊಲಿದರೂ ಮುಗಿಯುತ್ತಲೇ ಇರಲಿಲ್ಲ. ನಾನು ಎಷ್ಟು ಹಿಡಿತದ ಕೈಯವಳು ನೋಡಿ ಅಂತ ನಮ್ಮವರ ಮುಂದೆ ಜಂಬ ಕೊಚ್ಚಿಕೊಂಡಿದ್ದೆ. ಅವರು ಪೇಪರಿನಿಂದ ತಲೆ ಎತ್ತದೆ ಹೂಂ ಅಂದಿದ್ದರು.

ಕುತೂಹಲ ಅನ್ನುವುದು ನನಗೆ ಹುಟ್ಟಿನಿಂದ ಅಂಟಿಕೊಂಡ ರೋಗ. ಪಕ್ಕದ ಮನೆಯಲ್ಲಿ ಒಗ್ಗರಣೆ ಚುರ್ ಅಂದರೆ ಏನು ಸಾರು ಅಂತ ತಿಳಿಯದೆ ನನಗೆ ಅನ್ನ ಇಳಿಯುವುದಿಲ್ಲ. ಇನ್ನು ನನ್ನದೇ ಬೊಂತೆಯ ವಿಷಯ ಬಿಟ್ಟೇನೇ? ಬಿಳೀ ನೂಲು ಬಿಟ್ಟು ಕೆಂಪು ನೂಲಿನಲ್ಲಿ ಹೊಲಿಯತೊಡಗಿದೆ. ಚಿಂತಾಮಣಿಯಲ್ಲಿ ಅಂದೇ ಗುಟ್ಟು ರಟ್ಟಾಯಿತು. ನನ್ನ ಕೆಂಪು ಸಾಲಿನ ಪಕ್ಕದಲ್ಲಿ ಬೆರಳುದ್ದದ ಬಿಳೀ ಹೊಲಿಗೆಗಳು ದಾಪುಗಾಲು ಹಾಕಿಕೊಂಡು ಹೋಗಿದ್ದವು. ಅಂಥ ಹೊಲಿಗೆ ಹಾಕುವ ಧೈರ್ಯ ಆ ಮನೆಯಲ್ಲಿ ಒಬ್ಬರಿಗೇ ಇದ್ದದ್ದು, ನನಗೆ ಕೋಣೆ ಬಾಡಿಗೆಗೆ ಕೊಟ್ಟಿದ್ದ ವೆಂಕಟಮ್ಮನವರಿಗೆ. ತೆಲುಗು ಮನೆಮಾತಿನ ಆಕೆ ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ, ಕೇಳಿದ ಕೂಡಲೇ ಒಪ್ಪಿಕೊಂಡರು.

"ಅವುನಮ್ಮಾ, ನಾನೇ ಹಾಕಿದ್ದು. ನಿನ್ನ ಕೈ ಆಮೆ ಕೈ. ಬರೋ ನೆಂಟರಿಗೆ ಚಾಪೆ ಹಾಸದೆ ಬಾಗಿಲು ತೆಗೀತಾರಾ ಯಾರಾನಾ? ಹಾಸಿಗೆ ರೆಡಿ ಇಲ್ದಿದ್ರೆ ಹುಟ್ಟೋ ಬಿಡ್ಡ ಏನಂದ್ಕೊಳ್ತದೆ, ಇವರಿಗೆ ನಾನು ಬೇಡ ಅಂತ ವಾಪಸು ಹೋದ್ರೆ?"

ಹೇಳಿ ಅವರು ಹುಣಿಸೆಹಣ್ಣು ಬಿಡಿಸಲು ಹೋದರು. ಬಯ್ಯಬೇಕು ಅಂತ ಹಿಂದೆ ಹೋದವಳು ನಾನೂ ಹುಣಿಸೆಹಣ್ಣು ಬಿಡಿಸಲು ಕೂತೆ. ನಮ್ಮ ಕಮಲನ ಮುಖವನ್ನೇ ನೋಡದ ಹೆಂಗಸು, ಅವಳ ಮಗು ಮುನಿಸಿಕೊಂಡೀತು ಅಂತ ನನ್ನ ಬೆನ್ನ ಹಿಂದೆ ಕೂತು ಹೊಲಿದಿದ್ದರು.

ಶಿಡ್ಲಘಟ್ಟ ತನ್ನ ಗುಟ್ಟನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡಲಿಲ್ಲ. ಕೆಂಪು ಸಾಲುಗಳು ಮಾಯವಾಗುತ್ತಿದ್ದವು, ಸೂಜಿಯ ತೂತು ಮಾತ್ರ ಉಳಿಯುತ್ತಿತ್ತು. ಇಲಿಯ ಕೆಲಸ ಅಂತ ನಮ್ಮವರು ತೀರ್ಪು ಕೊಟ್ಟರು. ರೇಷ್ಮೆಗೂಡಿನ ವ್ಯಾಪಾರದವರಿಗೆ ಲೋಕದ ಸಮಸ್ತ ಕೇಡಿಗೂ ಇಲಿಯೇ ಕಾರಣ. ಬಟ್ಟೆಯನ್ನು ಮುಟ್ಟದೆ ನೂಲನ್ನಷ್ಟೇ ನಾಜೂಕಾಗಿ ಎಳೆಯುವ ಇಲಿ ಇದ್ದರೆ ಅದನ್ನು ಗೂಡಿನಿಂದ ನೂಲು ಬಿಚ್ಚುವ ಕೆಲಸಕ್ಕೆ ಸೇರಿಸಿಕೊಳ್ಳಿ ಅಂದೆ. ಆ ಭಾನುವಾರ ಊಟವಾದ ಮೇಲೆ ಮಲಗಿದ ಹಾಗೆ ನಟಿಸಿದೆ. ನಟನೆ ಎಷ್ಟು ಚೆನ್ನಾಗಿತ್ತೆಂದರೆ ನಿಜವಾಗಿಯೂ ನಿದ್ದೆ ಹತ್ತಿಬಿಟ್ಟಿತು. ಎಚ್ಚರವಾಗಿ ಮೆಲ್ಲಗೆ ಹಿತ್ತಲ ಬಾಗಿಲಿಗೆ ಬಂದರೆ, ಬಿಸಿಲಿಗೆ ಬೆನ್ನು ಕೊಟ್ಟು ಅತ್ತೆ ಕೂತಿದ್ದರು. ಮಡಿಲಲ್ಲಿ ಬೊಂತೆ. ಸೂಜಿಯ ತುದಿಯಿಂದ ನನ್ನ ಹೊಲಿಗೆಯನ್ನು ಒಂದೊಂದೇ ಎತ್ತಿ, ಎಳೆದು, ಬಿಚ್ಚಿದ ದಾರವನ್ನು ಬೆಂಕಿಪೊಟ್ಟಣಕ್ಕೆ ಅಚ್ಚುಕಟ್ಟಾಗಿ ಸುತ್ತುತ್ತಿದ್ದರು. ಮುಗಿಯದ ನೂಲಿನ ರಹಸ್ಯವೂ ಅಲ್ಲೇ ಬಯಲಾಯಿತು. ನನ್ನ ಹಿಡಿತದ ಕೈ ಅಂದರೆ ಅತ್ತೆಯ ಕೈ.

ನನಗೆ ಸಿಟ್ಟು ನೆತ್ತಿಗೇರಿತು. ಏನತ್ತೆ ಇದು, ನಾನು ಹೊಲಿದದ್ದು ಅಷ್ಟು ಕಣ್ಣು ಚುಚ್ಚುತ್ತಾ ಅಂತ ಕೇಳಿದೆ. ಅವರು ಬೆಚ್ಚಿಬಿದ್ದರು. ಕಮಲ ಒಳಗೆ ಮಲಗಿದ್ದಾಳಾ ಅಂತ ಒಮ್ಮೆ ಬಗ್ಗಿ ನೋಡಿ, ನನ್ನನ್ನು ಹತ್ತಿರ ಕೂರಿಸಿಕೊಂಡರು.

"ಮೆಲ್ಲಗೆ ಮಾತಾಡಮ್ಮ. ಹೋದ ಸಲ ಎಲ್ಲಾ ಸಿದ್ಧ ಮಾಡ್ಕೊಂಡು ಕೂತಿದ್ದೆ ನಾನು. ಬೊಂತೆ, ಕುಲಾವಿ, ದೃಷ್ಟಿಮಣಿ, ಎಲ್ಲಾ. ಮಲಗೋ ಕೂಸೇ ಇರ್ಲಿಲ್ಲ. ಕೂಸಿನ ಬೊಂತೆನ ಕೂಸು ಬರೋಕ್ ಮುಂಚೆ ಮುಗಿಸಬಾರ್ದು ಅಂತ ನಮ್ಮಮ್ಮ ಹೇಳ್ತಿದ್ಲು, ನಾನು ಕೇಳ್ಲಿಲ್ಲ. ನೀನು ನೋಡಿದ್ರೆ ಸರಸರ ಹಾಕ್ಕೊಂಡ್ ಬರ್ತೀಯ. ಬಾಯ್ಬಿಟ್ಟು ಹೇಳೋಣ ಅಂದ್ರೆ ಹೇಳೋದೇ ಅಪಶಕುನ. ಇನ್ನೇನ್ ಮಾಡ್ಲಿ?"

ಶಾಸ್ತ್ರಗೀಸ್ತ್ರ ಎಲ್ಲ ಸುಳ್ಳು ಅಂತ ಶಾಲೆಯಲ್ಲಿ ಹುಡುಗಿಯರ ಮುಂದೆ ಭಾಷಣ ಬಿಗಿಯುತ್ತಿದ್ದವಳು ನಾನು. ಬೆಕ್ಕು ಅಡ್ಡ ಬಂದರೆ ಬೇಕೆಂದೇ ಮುಂದೆ ನಡೆಯುವವಳು. ಆವತ್ತು ಮಾತ್ರ ಅತ್ತೆಯ ಪಕ್ಕದಲ್ಲೇ ಕೂತು ಉಳಿದ ಸಾಲನ್ನು ನಾನೂ ಬಿಚ್ಚಿದೆ, ಅವರು ಸುತ್ತಿಕೊಂಡರು. ಅಲ್ಲಿಂದ ಮುಂದೆ ನನ್ನ ಕೆಲಸ ಸಲೀಸಾಯಿತು. ಚಿಂತಾಮಣಿಯಲ್ಲಿ ವೆಂಕಟಮ್ಮನವರು ಹೇಳಿದಂತೆ ಮಗು ಮುನಿಯದಿರಲಿ ಅಂತ ಹೊಲಿಯುವುದು, ಶಿಡ್ಲಘಟ್ಟದಲ್ಲಿ ಅತ್ತೆ ಹೇಳಿದಂತೆ ಮಗುವಿಗೆ ಕೇಡು ತಟ್ಟದಿರಲಿ ಅಂತ ಬಿಚ್ಚುವುದು. ಎರಡು ಮನೆಗೂ ನಾನು ಒಳ್ಳೆಯವಳಾದೆ. ಬೊಂತೆ ಮಾತ್ರ ಒಂದು ಮೂಲೆ ಬಾಯಿ ತೆರೆದುಕೊಂಡು ಇದ್ದಲ್ಲೇ ಇತ್ತು.

ಒಂದು ಶನಿವಾರ ರೈಲು ಇಳಿದರೆ ನಿಲ್ದಾಣದಲ್ಲಿ ನಮ್ಮವರು ನಿಂತಿದ್ದರು. ಮದುವೆಯಾದ ಮೇಲೆ ಒಂದು ದಿನವೂ ನನ್ನನ್ನು ಕರೆಯಲು ಬಂದವರಲ್ಲ. ಅವರ ಮುಖದಲ್ಲಿ ಸುಖ, ದುಃಖ, ಗೂಡಿನ ಧಾರಣೆ ಎಲ್ಲವೂ ಒಂದೇ ಥರ ಕಾಣುತ್ತದೆ. ನಾನು ಬೊಂತೆಯ ಚೀಲವನ್ನು ಎದೆಗೆ ಅವಚಿಕೊಂಡೆ. ಅವರು ನನ್ನ ಚೀಲ ತೆಗೆದುಕೊಂಡು, ಹೆಣ್ಣು ಮಗು, ಇಬ್ಬರೂ ಚೆನ್ನಾಗಿದಾರೆ, ಬೊಂತೆ ತಂದಿದೀಯಾ ಅಂತ ಕೇಳಬೇಕೇ! ಅಲ್ಲಿ ಸ್ವಲ್ಪ ನಗುತ್ತಾ ನಿಂತಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಮಗು ಅತ್ತೆಯ ಹಳೆಯ ಸೀರೆಯೊಳಗೆ ಮುಷ್ಟಿ ಬಿಗಿದು ಮಲಗಿತ್ತು. ಅತ್ತೆ ನನಗೆ ಸೂಜಿ ಕೊಟ್ಟು, ಈಗ ಹಾಕಮ್ಮ ಅಂದರು. ಅಷ್ಟು ವಾರ ಕಾದ ಆ ಮೂಲೆ. ಚೀಲ ಎಲ್ಲ ಕೊಡವಿದೆ. ಕನ್ನಡಕ ಚಿಂತಾಮಣಿಯಲ್ಲಿತ್ತು. ಅತ್ತೆಯೇ ದಾರ ಪೋಣಿಸಿಕೊಟ್ಟರು. ಕಣ್ಣು ಮಂಜಾಗಿದ್ದುದು ಚಾಳೀಸಿನಿಂದಲೋ ಬೇರೆ ಯಾತರಿಂದಲೋ, ಅಂತೂ ತಡವರಿಸುತ್ತಾ ಮೂಲೆ ಮುಚ್ಚಿ, ಗಂಟು ಹಾಕಿ, ಸೋಮವಾರ ಬರಿಗೈಯಲ್ಲಿ ರೈಲು ಹತ್ತಿದೆ. ವೆಂಕಟಮ್ಮನವರಿಗೆ ಸುದ್ದಿ ಹೇಳಿದರೆ, ನಾನು ಹಾಸಿದ ಚಾಪೆ ಅಂತ ಬೀದಿಗೆಲ್ಲ ಬೆಲ್ಲ ಹಂಚಿದರು.

ಮುಂದಿನ ಶನಿವಾರ ಮನೆಗೆ ಬಂದಾಗ ಬಾಣಂತಿ ಕೋಣೆಯಲ್ಲಿ ಯಾರೂ ಇರಲಿಲ್ಲ. ತೊಟ್ಟಿಲು ಖಾಲಿ. ಮಂಚದ ಮೇಲೆ ಬೊಂತೆ ಬಿದ್ದಿತ್ತು, ಅದರ ಆ ಮೂಲೆಯ ಹೊಲಿಗೆ ಬಿಚ್ಚಿತ್ತು. ಯಾರನ್ನು ಕೂಗಬೇಕೋ ತಿಳಿಯದೆ ಬೊಂತೆ ಹಿಡಿದುಕೊಂಡೇ ಹಿತ್ತಲಿಗೆ ಓಡಿದೆ. ಬಚ್ಚಲಲ್ಲಿ ಅತ್ತೆ ಕಾಲು ನೀಡಿಕೊಂಡು ಕೂತು ಕೂಸಿಗೆ ನೀರು ಹಾಕುತ್ತಿದ್ದರು. ಕಮಲ ಬಿಸಿನೀರು ಬೆರೆಸುತ್ತಿದ್ದಳು. ಕೂಸು ಊರು ಹಾರಿಹೋಗುವ ಹಾಗೆ ಕಿರುಚುತ್ತಿತ್ತು. ಅಷ್ಟು ಇಂಪಾದ ಗಂಟಲು ನಾನು ಹಿಂದೆಂದೂ ಕೇಳಿರಲಿಲ್ಲ. ಅತ್ತೆ ನನ್ನ ಕೈಯಲ್ಲಿದ್ದ ಬೊಂತೆ ನೋಡಿದರು, ನನ್ನ ಮುಖ ನೋಡಿದರು.

"ಅದು ಶಾಸ್ತ್ರಕ್ಕೆ ಬಿಚ್ಚಿದ್ದಲ್ಲ ಕಣಮ್ಮ. ಸೊಟ್ಟಗಿತ್ತು."

ಬಚ್ಚಲ ಹೊಸ್ತಿಲ ಮೇಲೆ ಕೂತು ನಕ್ಕೆ, ನಗುನಗುತ್ತಲೇ ಕಣ್ಣೊರೆಸಿಕೊಂಡೆ. ಆಮೇಲೆ ಕನ್ನಡಕ ಏರಿಸಿ, ಮೂಲೆಗೆ ನೆಟ್ಟಗೆ, ಒತ್ತಾಗಿ ಹೊಲಿಗೆ ಹಾಕಿದೆ. ಕೊನೆಯ ಹೊಲಿಗೆಗೆ ಬಂದಾಗ ಯಾಕೋ ಕೈ ನಿಂತಿತು. ಬೆಕ್ಕನ್ನು ದಾಟಿ ನಡೆಯುವವಳ ಕೈ. ಸೂಜಿಯಿಂದ ದಾರ ಕಳಚಿ, ಉಳಿದ ದಾರವನ್ನು ಹಾಗೇ ಉದ್ದಕ್ಕೆ ಬಿಟ್ಟು ಮಡಿಸಿಟ್ಟೆ. ಗಂಟು ಹಾಕಿ ದಾರ ಕತ್ತರಿಸಮ್ಮ, ಕೂಸಿನ ಕಾಲಿಗೆ ಸಿಕ್ಕೊಳ್ಳುತ್ತೆ ಅಂತ ಅತ್ತೆ ಹೇಳಿದರು. ಕತ್ತರಿ ಚಿಂತಾಮಣಿಯಲ್ಲಿದೆ, ಬರುವ ವಾರ ನೋಡೋಣ ಅಂದೆ. ಕತ್ತರಿ ನನ್ನ ಚೀಲದಲ್ಲೇ ಇತ್ತು.