ಪೆಪ್ಪರ್ ಎಂಬ ಪಟ್ಟೆ ಕಡಸು ಮತ್ತು ನನ್ನ ಗಂಟಲು

ಮೆಲ್ಲಗೆ ಮಾತನಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸ್ವಲ್ಪ ಅನುಮಾನ. ಸಂತೋಷವಾದರೂ ಅದೇ ಧ್ವನಿ, ಸಿಟ್ಟು ಬಂದರೂ ಅದೇ ಧ್ವನಿ. ಒಳಗೆ ಏನು ನಡೆಯುತ್ತಿದೆ ಎಂದು ಎದುರಿನವರಿಗೆ ತಿಳಿಯುವುದಾದರೂ ಹೇಗೆ? ನನ್ನದು ಹಾಗಲ್ಲ. ನನಗೆ ಖುಷಿಯಾದರೆ ಮೊದಲು ಸುದ್ದಿ ಮುಟ್ಟುವುದು ನಮ್ಮ ಬಡಾವಣೆಯ ನಾಯಿಗಳಿಗೆ. ನಾನು ಮೈಸೂರಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿದರೆ ಹೆಂಡತಿ ವೀಣಾ, "ಫೋನ್ ಯಾಕ್ರೀ ದಂಡ? ಕಿಟಕಿ ತೆಗೆದು ಮಾತಾಡಿ, ಮೈಸೂರಿಗೇ ಕೇಳ್ಸುತ್ತೆ" ಎನ್ನುತ್ತಾಳೆ. ಆಫೀಸಿನಲ್ಲಿ ನಾನು ಮೀಟಿಂಗಿಗೆ ಕೂತರೆ ಯಾರೋ ಪುಣ್ಯಾತ್ಮರು ಎದ್ದು ಬಂದು, ನನ್ನತ್ತ ನಕ್ಕು, ಕೋಣೆಯ ಬಾಗಿಲನ್ನು ಮೆತ್ತಗೆ ಮುಚ್ಚಿ ಹೋಗುತ್ತಾರೆ. ಅಮೆರಿಕನ್ನರ ಸೌಜನ್ಯವೇ ಹಾಗೆ. ಕಿವಿ ಮುಚ್ಚಿಕೊಳ್ಳುವುದಿಲ್ಲ, ಬಾಗಿಲು ಮುಚ್ಚುತ್ತಾರೆ. ಇಷ್ಟು ವರ್ಷ ಇದರಿಂದ ಯಾರಿಗೂ ದೊಡ್ಡ ತೊಂದರೆಯಾಗಿರಲಿಲ್ಲ. ಒಂದು ಕಡಸು ನಮ್ಮ ಮನೆಯ ಮಾತಿನೊಳಗೆ ನುಗ್ಗುವ ತನಕ.

ನಡೆದದ್ದು ಹೀಗೆ. ನಮ್ಮ ಮಗಳು ಮೇಘನಾಗೆ ಹದಿನೈದು ವರ್ಷ. ಅವಳ ಹಲ್ಲು ನೋಡುವ ಡಾಕ್ಟರ್ ಕ್ಯಾರೊಲ್‌ಗೆ ವಾರವೆಲ್ಲ ಹಲ್ಲಿನ ಕೆಲಸವಾದರೆ ಶನಿವಾರ, ಭಾನುವಾರ ಹಸುಗಳ ಕೆಲಸ. ನಾವಿರುವ ರಾಚೆಸ್ಟರ್ ಹಿಲ್ಸ್‌ನಿಂದ ಉತ್ತರಕ್ಕೆ ಒಂದು ಗಂಟೆ ಡ್ರೈವ್ ಮಾಡಿದರೆ ಅವಳ ಫಾರ್ಮ್. ತವರು ಟೆಕ್ಸಾಸ್, ಅಲ್ಲಿಂದ ಬರುವಾಗ ಗಂಡನನ್ನೂ ಒಂದಷ್ಟು ನಮ್ಮ ಭಾರತದ ದನಗಳಿಂದ ಹುಟ್ಟಿದ ಬ್ರಾಹ್ಮನ್ ಎಂಬ ಮಿಶ್ರತಳಿಯ ದನಗಳನ್ನೂ ಕರೆದುಕೊಂಡು ಬಂದವಳು. ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದವರಿಗೆ ಧೈರ್ಯ ಬರಲಿ ಎಂದು ಕ್ಲಿನಿಕ್ಕಿನ ಚಾವಣಿಗೆ ಆ ದನಗಳ ಫೋಟೋ ಅಂಟಿಸಿದ್ದಾಳೆ. ಮೇಘನಾ ಬಾಯಲ್ಲಿ ಹತ್ತಿ ತುರುಕಿಕೊಂಡು ಅದನ್ನೇ ನೋಡಿದಳು. ಹತ್ತಿ ತೆಗೆದ ಕೂಡಲೇ ಅವಳು ಕೇಳಿದ್ದು ಹಲ್ಲಿನ ವಿಷಯವಲ್ಲ, ಜಿಲ್ಲೆಯ ರೈತರ ಜಾತ್ರೆಯಾದ ಕೌಂಟಿ ಫೇರ್‌ನಲ್ಲಿ ನಾನೂ ಒಂದು ಹಸುವನ್ನು ನಡೆಸಬಹುದೇ ಎಂದು. ಬೇರೆಯವರ ಹಸುವನ್ನು ಹೈಸ್ಕೂಲಿನ ಮಕ್ಕಳು ಕೆಲವು ತಿಂಗಳು ಪಳಗಿಸಿ, ಫೇರ್‌ನಲ್ಲಿ ಜಡ್ಜ್ ಮುಂದೆ ನಡೆಸುವ ಪದ್ಧತಿ ಅಲ್ಲಿದೆಯಂತೆ. ಕ್ಯಾರೊಲ್ ಒಪ್ಪಿದಳು.

ವೀಣಾ ಒಪ್ಪಲಿಲ್ಲ. "ಬೀಫ್ ಕ್ಯಾಟಲ್ ಅಂತೆ ಕಣೇ ಅದು! ನೀನು ಮುದ್ದು ಮಾಡಿ ಸಾಕ್ತೀಯ, ಕೊನೇಗೆ ಅವರೇನ್ ಮಾಡ್ತಾರೆ ಗೊತ್ತಾ?"

"ಅಮ್ಮಾ, ರಿಲ್ಯಾಕ್ಸ್. ಷೀ ಈಸ್ ಎ ಬ್ರೀಡಿಂಗ್ ಹೀಫರ್. ಫೇರ್ ಆದ್ಮೇಲೆ ಹಿಂಡಿಗೆ ವಾಪಸ್ ಹೋಗಿ ಬೇಬೀಸ್ ಹಾಕ್ತಾಳೆ. ದಟ್ಸ್ ಇಟ್."

ಮಗಳು ಒಂದು ವಾಕ್ಯದಲ್ಲಿ ಅರ್ಧ ಕನ್ನಡ ಬಳಸಿದ್ದಾಳೆಂದರೆ ವಿಷಯ ಗಂಭೀರವಾಗಿದೆ ಎಂದು ಅರ್ಥ. ವೀಣಾ ಕ್ಯಾರೊಲ್‌ಗೆ ತಾನೇ ಫೋನ್ ಮಾಡಿ ಖಾತ್ರಿ ಮಾಡಿಕೊಂಡ ಮೇಲೆ, ಏಪ್ರಿಲ್ ತಿಂಗಳ ಒಂದು ಶನಿವಾರ ನಾವು ಮೂವರೂ ಫಾರ್ಮಿಗೆ ಹೋದೆವು.

ಬೇಲಿಯೊಳಗೆ ನಿಂತಿದ್ದಳು ಪೆಪ್ಪರ್. ಕೆಂಗಂದು ಮೈಮೇಲೆ ಹುಲಿಯಂಥ ಕಪ್ಪು ಪಟ್ಟೆ, ವೀಳ್ಯದೆಲೆಯ ಹಾಗೆ ಜೋತುಬಿದ್ದ ಕಿವಿ, ಕತ್ತಿನ ಕೆಳಗೆ ಸೀರೆಯ ನೆರಿಗೆಯಂತೆ ತೂಗುವ ಗಂಗೆದೊಗಲು, ಮತ್ತು ಹೆಗಲ ಮೇಲೆ, ಸ್ವಾಮೀ, ಡುಬ್ಬ! ಈ ಊರಿನಲ್ಲಿ ಬೆನ್ನು ಮೇಜಿನಂತೆ ಚಪ್ಪಟೆಯಾಗಿರುವ ಹಸುಗಳನ್ನೇ ನೋಡಿ ನೋಡಿ ಬೇಸತ್ತಿದ್ದ ನನ್ನ ಕಣ್ಣಿಗೆ ಆ ಡುಬ್ಬ ಬಿದ್ದದ್ದೇ ತಡ, ಒಳಗಿನಿಂದ ಏನೋ ಉಕ್ಕಿ ಬಂತು. "ಅಯ್ಯೋ ವೀಣಾ, ನೋಡೇ! ಡುಬ್ಬ! ನಮ್ಮ ಹಸು ಕಣೇ!" ಎಂದು ಕೂಗುತ್ತಾ, ಎರಡೂ ಕೈ ಚಾಚಿಕೊಂಡು, ಗೇಟು ತಳ್ಳಿ ಓಡಿದೆ. ಅಪ್ಪಿಕೊಳ್ಳುವುದು ನನ್ನ ಉದ್ದೇಶ. ಪೆಪ್ಪರ್ ಒಮ್ಮೆ ತಲೆಯೆತ್ತಿದಳು, ಕಿವಿ ಎರಡನ್ನೂ ನನ್ನತ್ತ ತಿರುಗಿಸಿದಳು, ಗೊರಕೆಯಂತೆ ಒಂದು ಸದ್ದು ಮಾಡಿದಳು. ಮರುಕ್ಷಣ ನನ್ನ ಎದೆಯೆತ್ತರದ ಬೇಲಿಯನ್ನು ಜಿಂಕೆಯ ಹಾಗೆ ಹಾರಿ ಆಚೆಯ ಹುಲ್ಲುಗಾವಲಿನಲ್ಲಿದ್ದಳು. ಅಪ್ಪಿಕೊಳ್ಳಲು ನನಗೆ ಉಳಿದದ್ದು ಬೇಲಿಯ ಕಂಬ.

"ಅಪ್ಪಾ!" ಎಂದಳು ಮೇಘನಾ. ಅವಳ ಕಣ್ಣಲ್ಲಿ ನೀರು ನಿಂತಿತ್ತು.

ಕ್ಯಾರೊಲ್ ಮಾತ್ರ, ಹಲ್ಲು ಕೀಳುವ ಮುಂಚೆ ಡಾಕ್ಟರುಗಳು ಬಳಸುವ ಆ ಜೇನಿನಂಥ ಧ್ವನಿಯಲ್ಲಿ ನನಗೆ ತಿಳಿಸಿ ಹೇಳಿದಳು. ಈ ರಕ್ತದ ದನಗಳು ಬುದ್ಧಿವಂತ, ಅಷ್ಟೇ ನಾಚಿಕೆಯ ಸ್ವಭಾವ. ಹಿಂದಿನಿಂದ ಅಟ್ಟಿದರೆ ಹೆದರುತ್ತವೆ. ಮುಂದೆ ನಡೆದರೆ ಹಿಂಬಾಲಿಸುತ್ತವೆ. ಪ್ರೀತಿಯಿಂದ ನೋಡಿಕೊಂಡರೆ ನಾಯಿಮರಿಯ ಹಾಗೆ ಅಂಟಿಕೊಳ್ಳುತ್ತವೆ, ಕೂಗಾಡಿದರೆ ಕೂಗಿದವರನ್ನು ಮರೆಯುವುದೇ ಇಲ್ಲ. "ನಿಮ್ಮನ್ನು ಅವಳು ಚೆನ್ನಾಗಿ ನೆನಪಿಟ್ಟುಕೊಂಡಿರುತ್ತಾಳೆ" ಎಂದಳು. ಇದನ್ನು ಹೊಗಳಿಕೆ ಎಂದು ತಿಳಿದು ನಾನು ಥ್ಯಾಂಕ್ಸ್ ಹೇಳಿದೆ.

ಅವಳು ಹೇಳಿದಂತೆಯೇ ಆಯಿತು. ವಾರ ವಾರ ಮೇಘನಾ ಪೆಪ್ಪರ್‌ಗೆ ಹಗ್ಗ ಹಾಕಿ ನಡೆಸಲು ಕಲಿತಳು. ಮುಟ್ಟುವುದಿಲ್ಲ ಎಂದಿದ್ದ ವೀಣಾ ಗಂಗೆದೊಗಲನ್ನು ತುರಿಸುತ್ತಾ "ಏನೇ ಮೆಣಸಮ್ಮಾ" ಎಂದು ಕಷ್ಟಸುಖ ಮಾತಾಡತೊಡಗಿದಳು. ನಾನು ಕಾರಿನಿಂದ ಇಳಿದರೆ ಸಾಕು, ಪೆಪ್ಪರ್‌ಳ ತಲೆ ಮೇಲಕ್ಕೆ, ಕಿವಿ ನನ್ನತ್ತ, ಸೀದಾ ದೂರದ ಮೂಲೆಗೆ. ಭಾರತದಿಂದ ಬಂದ ವಂಶ ನಿನ್ನದೂ ನನ್ನದೂ ಒಂದೇ ಎಂದು ನಾನು ಬೇಲಿಯಾಚೆಯಿಂದ ಕನ್ನಡದಲ್ಲಿ ಬೇಡಿಕೊಂಡೆ. ನಮ್ಮ ಮಕ್ಕಳ ಹಾಗೆ ಅವಳೂ ಇಲ್ಲೇ ಹುಟ್ಟಿದವಳಲ್ಲವೇ, ಕನ್ನಡ ಕೇಳಿ ಮುಖ ತಿರುಗಿಸಿದಳು. ಮನೆಯಲ್ಲಿ ಅವಮಾನ ಸಹಿಸಬಹುದು. ದನವೂ ದೂರ ಇಟ್ಟರೆ ಮನುಷ್ಯ ಎಲ್ಲಿಗೆ ಹೋಗಬೇಕು?

ಕೊನೆಗೆ ಕ್ಯಾರೊಲ್ ಚಿಕಿತ್ಸೆ ಬರೆದುಕೊಟ್ಟಳು. ಬೇಲಿಯೊಳಗೆ ಒಂದು ಸ್ಟೂಲು ಹಾಕಿಕೊಂಡು ಸುಮ್ಮನೆ ಕೂರಬೇಕು. ದಿಟ್ಟಿಸಬಾರದು, ಕೈ ಬೀಸಬಾರದು, ಅವಳ ಹಿಂದೆ ನಿಲ್ಲಬಾರದು. ಮಾತಾಡಬಹುದು, ಆದರೆ ಪಿಸುಮಾತು. ಮೊದಲ ದಿನ ಸ್ಟೂಲಿನ ಮೇಲೆ ಕೂತೆ. ಪಿಸುಮಾತಿನಲ್ಲಿ ಏನು ಹೇಳುವುದು? ಗುಟ್ಟುಗಳೇ ಇಲ್ಲದ ಜೀವನ ನನ್ನದು. ಏನೂ ಹೊಳೆಯದೆ ಫೋನ್ ತೆಗೆದು ಆಫೀಸಿನ ಇಮೇಲುಗಳನ್ನು ಓದತೊಡಗಿದೆ. ಆ ಗದ್ಯದಲ್ಲಿ ಉತ್ಸಾಹ ಬರುವ ಅಪಾಯವೇ ಇಲ್ಲ. ನಮ್ಮ ಕಾರು ಕಂಪನಿಗೆ ಬ್ರೇಕ್ ಸಪ್ಲೈಯರ್ ಬರೆದ ಕ್ಷಮಾಪಣೆ, ಅದಕ್ಕೆ ನಮ್ಮ ಮ್ಯಾನೇಜರ್ ಕೊಟ್ಟ ಉತ್ತರ, ಪಾರ್ಕಿಂಗ್ ಲಾಟಿಗೆ ಹೊಸದಾಗಿ ಬಣ್ಣ ಬಳಿಯುವ ಸೂಚನೆ. ಪೆಪ್ಪರ್ ಮೂಲೆಯಲ್ಲಿ ನಿಂತು ಆಲಿಸಿದಳು. ಮುಂದಿನ ವಾರ ಅರ್ಧ ದಾರಿ ಬಂದಳು. ಜೂನ್ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ನನ್ನ ಕುತ್ತಿಗೆಯ ಹಿಂದೆ ಬಿಸಿ ಉಸಿರು ಬಡಿಯಿತು; ಆಮೇಲೆ ಉಪ್ಪುಕಾಗದದಂಥ ನಾಲಿಗೆ ನನ್ನ ಬೋಳುತಲೆಯನ್ನು ಈ ಕಡೆಯಿಂದ ಆ ಕಡೆಗೆ ಒಂದು ಸಲ ನೆಕ್ಕಿತು. ಕೂಗಬೇಕೆನಿಸಿತು. ಕುಣಿಯಬೇಕೆನಿಸಿತು. ತುಟಿ ಕಚ್ಚಿಕೊಂಡು ಪಾರ್ಕಿಂಗ್ ಲಾಟಿನ ಇಮೇಲನ್ನೇ ಇನ್ನೊಮ್ಮೆ ಓದಿದೆ. ನನ್ನ ಬದುಕಿನ ಅತ್ಯಂತ ದೊಡ್ಡ ಆನಂದವನ್ನು ಅತ್ಯಂತ ಸಣ್ಣ ಧ್ವನಿಯಲ್ಲಿ ಅನುಭವಿಸಿದ್ದು ಅವತ್ತೇ.

ಫೇರ್ ಬಂತು. ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು, ಕರಿದ ಹಿಟ್ಟಿನ ವಾಸನೆ, ಸುತ್ತ ಹ್ಯಾಟು ಹಾಕಿದ ಜನ. ಮೇಘನಾ ಬಿಳಿ ಶರ್ಟು ತೊಟ್ಟು, ಮಿರಮಿರ ಮಿಂಚುತ್ತಿದ್ದ ಪೆಪ್ಪರ್‌ಳನ್ನು ಕೊಟ್ಟಿಗೆಯಿಂದ ಹೊರಗೆ ತಂದಳು. ಅದೇ ಹೊತ್ತಿಗೆ ಗಾಳಿ ಬೀಸಿ, ಪಕ್ಕದ ಅಂಗಡಿಯ ನೀಲಿ ಟಾರ್ಪಾಲು ಪಟಪಟ ಎಂದು ಮೇಲೆದ್ದಿತು. ಪೆಪ್ಪರ್ ಒಂದೇ ನೆಗೆತಕ್ಕೆ ಹಗ್ಗವನ್ನು ಮಗಳ ಕೈಯಿಂದ ಕಿತ್ತುಕೊಂಡು ದನ ಸಾಗಿಸುವ ಟ್ರೇಲರುಗಳ ನಡುವೆ ನುಗ್ಗಿದಳು. ಅದರಾಚೆ ಹುಲ್ಲಿನ ಪಾರ್ಕಿಂಗ್, ಅದರಾಚೆ ಕಾರುಗಳು ಗಂಟೆಗೆ ಐವತ್ತೈದು ಮೈಲಿ ವೇಗದಲ್ಲಿ ಹರಿಯುವ ರಸ್ತೆ. ನಾಲ್ಕಾರು ಜನ ಹಿಂದೆ ಓಡಲು ಹೊರಟರು. ಓಡಿದಷ್ಟೂ ಅವಳು ರಸ್ತೆಯತ್ತ ಸರಿದಳು. "ಯಾರೂ ಓಡಬೇಡಿ!" ಎಂದು ಕ್ಯಾರೊಲ್ ತಡೆದಳು. ಮೇಘನಾ ಬಿಳಿಚಿಕೊಂಡು ನಿಂತಿದ್ದಳು.

ಲೆಮನೇಡ್ ತರಲು ಹೋಗಿದ್ದ ನಾನು ರಸ್ತೆಯ ಬದಿಯಲ್ಲಿದ್ದೆ. ಪೆಪ್ಪರ್‌ಗೂ ನನಗೂ ನಡುವೆ ಒಂದು ಟ್ರೇಲರಿನಷ್ಟು ದೂರ. ನನ್ನ ಗಂಟಲಿನಲ್ಲಿ ಒಂದು ದೊಡ್ಡ ಕೂಗು ಸಿದ್ಧವಾಗಿ ಬಂದು ನಿಂತಿತ್ತು. ಆಣೆ ಮಾಡಿ ಹೇಳುತ್ತೇನೆ, ನುಂಗಿದೆ. ಲೋಟಗಳನ್ನು ನೆಲಕ್ಕಿಟ್ಟು, ಅವಳ ಹೆಗಲಿನತ್ತ ಓರೆಯಾಗಿ ನಿಂತು, ನೆಲ ನೋಡುತ್ತಾ ಪಿಸುಗುಟ್ಟಿದೆ. "ಡಿಯರ್ ಆಲ್... ಏನಮ್ಮಾ ಮೆಣಸಮ್ಮಾ... ಸೋಮವಾರದಿಂದ ಪಾರ್ಕಿಂಗ್ ಲಾಟಿಗೆ ಬಣ್ಣ ಬಳೀತಾರಂತೆ... ದಯವಿಟ್ಟು ಉತ್ತರದ ಗೇಟ್ ಬಳಸಿ..." ಕಿವಿಗಳು ನನ್ನತ್ತ ತಿರುಗಿದವು. ಅರ್ಧ ಸುತ್ತು ಬಳಸಿ ಬಂದು, ಅವಳಿಗೆ ಬೆನ್ನು ಮಾಡಿ, ಕೊಟ್ಟಿಗೆಯ ಕಡೆಗೆ ನಿಧಾನವಾಗಿ ನಡೆದೆ. ಹಿಂದೆ ನೋಡಲು ಧೈರ್ಯವಾಗಲಿಲ್ಲ. ಎದುರಿಗಿದ್ದ ವೀಣಾಳ ಮುಖವನ್ನೇ ನೋಡಿದೆ. ಆ ಮುಖ ಮೆಲ್ಲಗೆ ಅರಳಿದಾಗ, ಗೊರಸಿನ ಸದ್ದು ನನ್ನ ಹಿಂದೆಯೇ ಬರುತ್ತಿರುವುದು ತಿಳಿಯಿತು. ಮೇಘನಾ ಹಗ್ಗ ಹಿಡಿದುಕೊಂಡಳು. ಯಾರೂ ಚಪ್ಪಾಳೆ ತಟ್ಟದಂತೆ ಕ್ಯಾರೊಲ್ ಕೈಯೆತ್ತಿ ತಡೆದಳು. ಜೀವನದಲ್ಲಿ ನನಗೆ ಸಿಗಬಹುದಾಗಿದ್ದ ಒಂದೇ ಒಂದು ಸಾರ್ವಜನಿಕ ಚಪ್ಪಾಳೆ ಅದು, ಹೋಗಲಿ.

ತೊಂದರೆ ಆಮೇಲೆ ಶುರುವಾಯಿತು. ಮೈದಾನದ ಬಾಗಿಲಲ್ಲಿ ಸಾಲು ನಿಂತಾಗ ಪೆಪ್ಪರ್ ಹೆಜ್ಜೆ ಎತ್ತಲಿಲ್ಲ. ಕತ್ತು ತಿರುಗಿಸಿ ಗ್ಯಾಲರಿಯಲ್ಲಿ ಕೂತ ನನ್ನನ್ನೇ ನೋಡಿ ಮೆಲ್ಲಗೆ ಅಂಬಾ ಎಂದಳು. ನಾನು ಕಂಬದ ಮರೆಗೆ ಹೋದರೆ ಕಂಬವನ್ನು ನೋಡಿದಳು. ಮೇಘನಾ ಹತ್ತಿರ ಕರೆದು ಪಿಸುಗುಟ್ಟಿದಳು.

"ಅಪ್ಪಾ, ಯು ವರ್ ಅಮೇಜಿಂಗ್. ನೌ ಪ್ಲೀಸ್ ಗೋ ಸಿಟ್ ಇನ್ ದ ಕಾರ್."

"ಪುಟ್ಟೀ, ಶೋ ನೋಡ್ಬೇಡ್ವಾ ನಾನು?"

"ಷೀ ವೋಂಟ್ ವಾಕ್, ಅಪ್ಪಾ! ಷೀ ಲವ್ಸ್ ಯು!"

ಈ ಕಾರಣಕ್ಕೆ ನನ್ನನ್ನು ಯಾರೂ ಎಲ್ಲಿಂದಲೂ ಹೊರಗೆ ಕಳಿಸಿರಲಿಲ್ಲ. ಹೋಗಿ ಕಾರಿನಲ್ಲಿ ಕೂತೆ. ಧ್ವನಿವರ್ಧಕದಲ್ಲಿ ಯಾರ್ಯಾರದೋ ಹೆಸರು, ಹಸುಗಳ ತೂಕ, ಜಡ್ಜ್‌ನ ಜೋಕು. ಉಗುರು ಕಚ್ಚಿ ಮುಗಿಸಿದ ಮೇಲೆ, ಮಗಳ ಹೆಸರು ಪೂರ್ತಿ ಜಜ್ಜಿಹೋಗಿ "ಮೆಗ್‌ನಾನಾ" ಎಂದು ಕೇಳಿಸಿತು: ಎರಡನೇ ಸ್ಥಾನ! ಕಿಟಕಿಗಳನ್ನು ಏರಿಸಿ, ಏಪ್ರಿಲ್‌ನಿಂದ ಕೂಡಿಟ್ಟಿದ್ದನ್ನೆಲ್ಲ ಸೇರಿಸಿ ಒಂದು ಕೂಗು ಹಾಕಿದೆ. ಕಾರು ಅಲುಗಾಡಿತು.

ಕಣ್ಣು ಬಿಟ್ಟರೆ ಗಾಜಿನಾಚೆ ಆಪಲ್ ಪೈ ಹಿಡಿದ ಒಬ್ಬ ಮುದುಕಿ. ಎದೆ ಹಿಡಿದುಕೊಂಡು ಕಾರಿನೊಳಗೆ ಕುಲುಕಾಡುತ್ತಿದ್ದ ಮನುಷ್ಯನನ್ನು ಕಂಡು, ಏನೋ ಆಗಿದೆಯೆಂದು ಗಾಬರಿಯಾಗಿ ಗಾಜು ಬಡಿಯುತ್ತಿದ್ದಾಳೆ. ಕಿಟಕಿ ಇಳಿಸಿದೆ. ಸುತ್ತ ಎಷ್ಟು ಹಸುಗಳಿವೆಯೋ ಎಂದು ಎಚ್ಚರವಹಿಸಿ, ನನ್ನ ಹೊಸ ಮೆಲುದನಿಯಲ್ಲಿ ಹೇಳಿದೆ: "ಏನಿಲ್ಲಮ್ಮ, ನನ್ನ ಮಗಳಿಗೆ ಬಹುಮಾನ ಬಂತು."

ಮುದುಕಿ ಕಿವಿಯ ಯಂತ್ರವನ್ನು ಸರಿಪಡಿಸಿಕೊಂಡು, ತಲೆಯನ್ನು ಕಿಟಕಿಯೊಳಗೆ ತೂರಿಸಿದಳು.

"ಏನಂದ್ರಿ? ಸ್ವಲ್ಪ ಜೋರಾಗಿ ಮಾತಾಡಿ. ನಿಮ್ಮಂಥ ಮೆದು ಮಾತಿನವರು ಹೇಳುವುದು ನನಗೆ ಕೇಳಿಸುವುದೇ ಇಲ್ಲ."

ಅಮೆರಿಕಕ್ಕೆ ಬಂದ ಮೇಲೆ ಈ ಮಾತನ್ನು ನನಗೆ ಯಾರಾದರೂ ಹೇಳಿದ್ದು ಅದೇ ಮೊದಲು. ಕಣ್ಣು ತುಂಬಿ ಬಂತು. ಇನ್ನೊಮ್ಮೆ ಹೇಳೋಣವೆಂದು ಬಾಯಿ ತೆರೆದರೆ, ಹಾಳು ಗಂಟಲು ಆ ಒಂದು ಕೂಗಿಗೇ ಕಟ್ಟಿಹೋಗಿತ್ತು.