ನವಲಗುಂದದ ಜ್ವರ ಎಲ್ಲಿ ನೋಡಬೇಕು?

ಮನುಷ್ಯನಿಗೆ ಜ್ವರ ಬಂದರೆ ಥರ್ಮಾಮೀಟರನ್ನು ಎಲ್ಲಿಡಬೇಕು ಎಂಬುದರಲ್ಲಿ ಜಗಳವಿಲ್ಲ. ನಾಲಿಗೆಯ ಕೆಳಗೆ, ಇಲ್ಲವೇ ಕಂಕುಳಲ್ಲಿ. ಆದರೆ ಒಂದು ಊರಿಗೇ ಜ್ವರ ಬಂದರೆ? ಊರಿನ ಕಂಕುಳು ಯಾವುದು? ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತ ತಲೆ ಬೆಳ್ಳಗಾದರೂ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಪೇಪರಿನಲ್ಲಿ ‘ನವಲಗುಂದದ ಗರಿಷ್ಠ ತಾಪಮಾನ’ ಎಂದು ಬಂದರೆ ಅದು ನನ್ನ ಮನೆಯನ್ನೂ ಸೇರಿಸಿ ಇಡೀ ನವಲಗುಂದದ್ದು ಎಂದೇ ನಂಬಿದ್ದ ಭೋಳೆ ಮನುಷ್ಯ ನಾನು. ಕಣ್ಣು ತೆರೆಸಿದವರು ನಮ್ಮ ಬೀಗತಿ ನೀಲವ್ವ.

ಆದದ್ದಿಷ್ಟು. ಮಗಳು ಸುಧಾ ಚೊಚ್ಚಲ ಬಾಣಂತನಕ್ಕೆ ನಮ್ಮಲ್ಲಿದ್ದಳು. ಐದನೇ ತಿಂಗಳಲ್ಲಿ ಕೂಸಿನೊಂದಿಗೆ ಗಂಡನ ಮನೆಗೆ ಕಳಿಸುವುದು ನಮ್ಮ ಕಡೆಯ ಪದ್ಧತಿ. ಇನ್ನೂ ಮೂರು ತಿಂಗಳೂ ತುಂಬಿರಲಿಲ್ಲ. ಮೊಮ್ಮಗಳು ಆಗಷ್ಟೇ ನನ್ನ ಮುಖ ನೋಡಿ ನಗಲು ಶುರು ಮಾಡಿದ್ದಳು. ಅದು ನಗೆಯಲ್ಲ, ಹೊಟ್ಟೆಯ ಗ್ಯಾಸು ಎಂಬುದು ನನ್ನ ಹೆಂಡತಿ ಗಿರಿಜಾಳ ವಾದ, ಅದಿರಲಿ. ಅಷ್ಟರಲ್ಲಿ ದೇವಿಕೊಪ್ಪದಿಂದ ಬೀಗತಿಯವರ ಫೋನು.

“ಬೀಗರ, ನಿಮ್ಮೂರಾಗ ನಲವತ್ತೊಂದು ಡಿಗ್ರಿ ಅಂತಲ್ರಿ! ಮೊಬೈಲ್‌ನ್ಯಾಗ ತೋರಸಾಕತ್ತೈತಿ. ನಮ್ಮ ಕಡೆ ಬರೇ ಮೂವತ್ತಾರು. ಕೂಸು ಬೆಂದು ಹೋಗ್ತೈತ್ರಿ. ಈ ಐತಾರ ಬಂದು ತಾಯಿ ಮಗಳ್ನ ಕರಕೊಂಡು ಬರ್ತೀನಿ.”

ಮೊಮ್ಮಗಳಿಲ್ಲದ ಮನೆಯನ್ನು ನನಗೆ ಕಲ್ಪಿಸಿಕೊಳ್ಳಲೂ ಆಗಲಿಲ್ಲ. “ಅಕ್ಕಾರ, ಅದು ಊರಿನ ಬಿಸಿಲಲ್ರಿ, ಆ ಯಂತ್ರ ಇಟ್ಟ ಜಾಗಾದ್ದು” ಎಂದೆ. ಯಂತ್ರ ಎಲ್ಲಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗಟ್ಟಿಯಾಗಿ ಹೇಳುವುದು ಮಾಸ್ತರಿಕೆ ಕಲಿಸಿಕೊಟ್ಟ ವಿದ್ಯೆ.

ಆಮೇಲೆ ಹುಡುಕಿಕೊಂಡು ಹೋದೆ. ಊರ ಹೊರಗೆ ಕಪ್ಪು ಎರೆಮಣ್ಣಿನ ಬಯಲಿನಲ್ಲಿ, ಗಿಡವಿಲ್ಲ ಗಂಟಿಯಿಲ್ಲ, ಕಂಬದ ಮೇಲೊಂದು ಬಿಳಿ ಪೆಟ್ಟಿಗೆ. ಸುತ್ತ ನೆಲ ಬಾಯಿಬಿಟ್ಟಿತ್ತು. ನನಗೆ ಸಿಟ್ಟು ಬಂತು. ಇಡೀ ಊರಿನ ಮಾನ ಹೇಳುವ ಪೆಟ್ಟಿಗೆಯನ್ನು ನಮ್ಮ ಓಣಿಯ ಬೇವಿನ ಗಿಡದ ಕೆಳಗಾದರೂ ಇಡಬಾರದಿತ್ತೇ? ಅಂಥ ಯಂತ್ರ ಮನೆ ಮರಗಳಿಂದ ದೂರ, ತೆರೆದ ಬಯಲಿನಲ್ಲೇ ಇರಬೇಕೆಂದು ಮಕ್ಕಳಿಗೆ ಬರೆಸಿದವನು ನಾನೇ, ನಿಜ. ಆದರೆ ಆಗ ನನಗೆ ಮೊಮ್ಮಗಳಿರಲಿಲ್ಲ.

ಬೆಂಬಲಕ್ಕೆಂದು ಓಣಿಯ ಟೇಲರ್ ಇಮಾಮಸಾಬರ ಅಂಗಡಿಗೆ ಹೋಗಿ ಸಂಕಟ ತೋಡಿಕೊಂಡೆ. ಅವರಿಗೆ ಪಕ್ಕದ ಅಣ್ಣಿಗೇರಿಯಲ್ಲಿ ಬಿಸಿಲು ನಮ್ಮೂರಿಗಿಂತ ಒಂದು ಡಿಗ್ರಿ ಹೆಚ್ಚಾಯಿತೆಂಬುದೇ ದೊಡ್ಡ ಅವಮಾನವಾಗಿತ್ತು. “ಸರ, ಆ ಯಂತ್ರಾ ತಂದು ನನ್ನ ಇಸ್ತ್ರಿ ಪೆಟಗಿ ಬಾಜು ಇಡ್ರಿ. ನವಲಗುಂದ ದೇಶಕ್ಕ ಫಸ್ಟ್ ಬರ್ತೈತಿ!” ಎಂದರು. ಇವರ ಸಾಕ್ಷಿಯಿಂದ ಮೊಮ್ಮಗಳು ನಮ್ಮಲ್ಲಿ ಉಳಿಯುವುದಿಲ್ಲವೆಂದು ಎದ್ದು ಬಂದೆ.

ಕೊನೆಗೆ ನಾನೇ ಒಂದು ಹವಾಮಾನ ಕೇಂದ್ರ ತೆರೆದೆ. ಒಂದು ಗೋಡೆ ಥರ್ಮಾಮೀಟರ್ ತಂದು ಪಡಸಾಲೆಯ ಮೊಳೆಗೆ ತೂಗುಹಾಕಿದೆ. ಮಧ್ಯಾಹ್ನ ನೋಡಿದರೆ ಇಪ್ಪತ್ತೊಂಬತ್ತು! ಫೋಟೋ ತೆಗೆದು, ‘ಕೂಸು ಇರುವ ಸ್ಥಳದ ಅಧಿಕೃತ ತಾಪಮಾನ’ ಎಂದು ಬರೆದು ಬೀಗತಿಗೆ ಕಳಿಸಿದೆ. ಉತ್ತರ ಬರಲಿಲ್ಲ. ಭಾನುವಾರ ಅವರೇ ಬಂದರು.

ಬಂದವರು ಚಪ್ಪಲಿ ಬಿಟ್ಟು, ಕಾಲು ತೊಳೆದು, ನೀರು ಕುಡಿಯಲು ನೇರ ಪಡಸಾಲೆಯ ಗಡಿಗೆಯ ಹತ್ತಿರ ಹೋದರು. ಅಲ್ಲೇ ನಿಂತುಬಿಟ್ಟರು. ಗಡಿಗೆಗೆ ಗಿರಿಜಾ ಹಸಿ ಬಟ್ಟೆ ಸುತ್ತಿದ್ದಳು. ಆ ಬಟ್ಟೆಗೆ ಆನಿಕೊಂಡು, ಹಾಯಾಗಿ ನನ್ನ ಥರ್ಮಾಮೀಟರ್ ತೂಗುತ್ತಿತ್ತು. ದೇವರಾಣೆ, ಆ ಮೊಳೆ ಮೊದಲಿನಿಂದಲೂ ಅಲ್ಲಿಯೇ ಇತ್ತು.

“ಬೀಗರ,” ಎಂದರು ನೀಲವ್ವ, “ನಿಮ್ಮ ಗಡಗಿಗೆ ಜ್ವರ ಇಲ್ಲಂತ ಗೊತ್ತಾತು. ಇನ್ನ ಕೂಸಿನ್ನ ತೋರಸ್ರಿ.”

ಗಿರಿಜಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಓಡಿದಳು. ಭೂಮಿ ಬಾಯಿ ತೆರೆದು ನನ್ನನ್ನು ನುಂಗಬಾರದೇ ಅನ್ನಿಸಿತು. ಬೇಸಿಗೆಯಲ್ಲಿ ನಮ್ಮ ಎರೆಭೂಮಿ ಹೊಲದಲ್ಲೆಲ್ಲ ಬಾಯಿ ತೆರೆದಿರುತ್ತದೆ, ಬೇಕೆಂದಾಗ ಪಡಸಾಲೆಯಲ್ಲಿ ತೆರೆಯುವುದಿಲ್ಲ.

ನಡುಮನೆ ನಮ್ಮ ಹಿರಿಯರು ಕಟ್ಟಿಸಿದ್ದು. ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಕೂಸು ತೊಟ್ಟಿಲಲ್ಲಿ ಮಲಗಿತ್ತು. ನೀಲವ್ವ ಅಂಗೈಯ ಹಿಂಬದಿಯನ್ನು ಅದರ ಕುತ್ತಿಗೆಗೆ ಹಚ್ಚಿದರು, ಹೊಟ್ಟೆಗೆ ಹಚ್ಚಿದರು, ಅಂಗಾಲಿಗೆ ಹಚ್ಚಿದರು. ಸುಧಾ ನನ್ನ ಮುಖ ನೋಡಿದಳು.

“ಅಗದಿ ತಂಪ ಐತಿ” ಎಂದರು ಅವರು. ಆಮೇಲೆ ಅಲ್ಲೇ ಗೋಡೆಗೆ ಬೆನ್ನು ಹಚ್ಚಿ ಕೂತು, ಕಣ್ಣು ಮುಚ್ಚಿದರು. “ಖರೇ ಹೇಳ್ಲೇನ್ರಿ ಬೀಗರ? ನಮ್ಮ ಮೂವತ್ತಾರು ಅಡವಿ ಬಾಜೂಕಿನ ಯಂತ್ರದ್ದು. ಮನಿಗೆ ಹ್ವಾದ ವರ್ಷ ಸ್ಲ್ಯಾಬ್ ಹಾಕಿಸೇವಿ. ಮಧ್ಯಾಹ್ನ ಒಳಗ ಕೂಡಾಕಾಗೂದಿಲ್ಲ. ಕೂಸಿನ್ನ ನೋಡದ ಜೀವ ತಡೀಲಿಲ್ರಿ, ಬಿಸಿಲಿನ ನೆವ ಮಾಡಿದ್ನಿ. ಐದ್ನೇ ತಿಂಗಳ ಮಟ ಇಲ್ಲೇ ಇರ್ಲಿ.”

ಆ ಮಾತು ಕೇಳಿ ನನಗಾದ ಸಮಾಧಾನ ಹೇಳತೀರದು. ಆ ಖುಷಿಯಲ್ಲಿ ಬಾಯಿ ನನ್ನ ಕೈಮೀರಿ ಹೋಯಿತು. “ನೀವೂ ಬ್ಯಾಸಗಿ ಮುಗಿಯೂತನಕ ಇಲ್ಲೇ ಇರ್ರಿ, ಅಕ್ಕಾರ” ಎಂದೆ. ಇಂಥ ಮಾತಿಗೆ ‘ಛೇ, ಬ್ಯಾಡ್ರಿ’ ಎನ್ನುವುದು ಬೀಗರ ನಡುವಿನ ರಿವಾಜು. ಅವರು “ಹೂಂನ್ರಿ” ಎಂದರು. ಅವರ ಚೀಲ ಒಂದು ದಿನಕ್ಕೆ ಬಂದವರ ಚೀಲವಾಗಿರಲಿಲ್ಲ ಎಂಬುದನ್ನು ಆಗ ಗಮನಿಸಿದೆ.

ಈಗ ನಡುಮನೆಯಲ್ಲಿ ತೊಟ್ಟಿಲ ಪಕ್ಕದ ನನ್ನ ಜಾಗದಲ್ಲಿ ನೀಲವ್ವ ಮಲಗುತ್ತಾರೆ. ನನ್ನ ಹಾಸಿಗೆ ಮುಂದಿನ ಖೋಲಿಗೆ ಬಂದಿದೆ. ಹಟಹಿಡಿದು ನಾನೇ ಸ್ಲ್ಯಾಬ್ ಹಾಕಿಸಿದ ಖೋಲಿ. ಗಡಿಗೆಯ ಹತ್ತಿರದ ಥರ್ಮಾಮೀಟರನ್ನೂ ಗಿರಿಜಾ ಇಲ್ಲಿಗೇ ತಂದು ತೂಗುಹಾಕಿದ್ದಾಳೆ. ಮಧ್ಯಾಹ್ನ ಅದರಲ್ಲಿ ನಲವತ್ತೊಂದು. ಬಯಲಿನ ಆ ಬಿಳಿ ಪೆಟ್ಟಿಗೆಯ ಮೇಲೆ ಈಗ ನನ್ನದೇನೂ ತಕರಾರಿಲ್ಲ. ಬೆವರು ಒರೆಸಿಕೊಳ್ಳುತ್ತ ಮಲಗಿದರೆ, ಒಳಗೆ ತಂಪಿನಲ್ಲಿ ನೀಲವ್ವ ಆಡಿಸುವುದೂ ಮೊಮ್ಮಗಳು ಕಿಲಕಿಲ ಎನ್ನುವುದೂ ಕೇಳಿಸುತ್ತದೆ. ಗಿರಿಜಾಳ ಪ್ರಕಾರ ಅದು ಮಾತ್ರ ಗ್ಯಾಸಲ್ಲ, ಖರೇ ನಗೆಯಂತೆ.