ಅಧಿಕೃತವಾಗಿ ಬೆಚ್ಚಗಿರುವ ಹೆರಿಗೆ ಆಸ್ಪತ್ರೆ

ಅಧ್ಯಕ್ಷೀಯ ಚುನಾವಣೆಯ ಪ್ರತಿಯೊಂದು ಪ್ರಚಾರಸಭೆಯಲ್ಲೂ ಕನಿಷ್ಠ ಒಬ್ಬ ಭಿನ್ನಮತೀಯರು ಹಾಜರಿರತಕ್ಕದ್ದು ಎಂದು ರಾಜಧಾನಿಯಿಂದ ಸುತ್ತೋಲೆ ಬಂದಿತ್ತು. ನಮ್ಮ ಅಕ್‌ಬೆಲೆಸ್ ಪಟ್ಟಣದ ಭಿನ್ನಮತೀಯರೆಲ್ಲ ಆಗಲೇ ಜೈಲಿನಲ್ಲಿದ್ದರು. ಒಂದು ದಿನದ ಮಟ್ಟಿಗೆ ಕಳಿಸಿಕೊಡಿ ಎಂದರೆ ಜೈಲಿನವರು ಒಪ್ಪಲಿಲ್ಲ. ಹಾಗಾಗಿ ಪ್ರಚಾರ ಕಚೇರಿಯವರಾದ ನಾವು ಹೆರಿಗೆ ಆಸ್ಪತ್ರೆಯ ನರ್ಸ್ ಬಲ್ಜಾನಳನ್ನು ಆ ಹುದ್ದೆಗೆ ನೇಮಿಸಿಕೊಂಡೆವು.

ಆಸ್ಪತ್ರೆಯನ್ನು ಕಾಯಿಸುವ ಬಾಯ್ಲರ್ ಹಿಮ ಬೀಳುವ ಮೊದಲೇ ಕೆಟ್ಟು ಕೂತಿತ್ತು. ಬಾಣಂತಿಯರು ಕೋಟು ತೊಟ್ಟೇ ಮಲಗುತ್ತಿದ್ದರು. ಚೆನ್ನಾಗಿ ವಿರೋಧಿಸಿದರೆ ರಿಪೇರಿ ಮಾಡಿಸುವುದಾಗಿ ನಮ್ಮ ಮುಖ್ಯಸ್ಥ ಕುವಾನಿಶ್ ಮಾತು ಕೊಟ್ಟ.

"ಮಾನ್ಯರೇ, ನೀವು ಒಂದು ದಿನಾನೂ ಯಾಕೆ ರಜಾ ತಗೊಳ್ಳಲ್ಲ?" ಇದು ಬಲ್ಜಾನ್ ಸಭೆಯಲ್ಲಿ ಅಧ್ಯಕ್ಷರಿಗೆ ಕೇಳಬೇಕಿದ್ದ ಅನುಮೋದಿತ ಪ್ರಶ್ನೆ.

"ಇನ್ನೂ ಸ್ವಲ್ಪ ಸಿಟ್ಟು ಬರ್ಲಿ ಕಣಮ್ಮ," ಎಂದ ಕುವಾನಿಶ್, ತಾಲೀಮಿನಲ್ಲಿ.

"ಸಿಟ್ಟು ಬೇಕಾದಷ್ಟಿದೆ ಸಾಹೇಬ್ರೇ. ಈ ಪ್ರಶ್ನೆಗೆ ಹೊಂದ್ತಿಲ್ಲ ಅಷ್ಟೆ."

ಸಭೆಯ ದಿನ ಬೆಚ್ಚನೆಯ ಬಿಳಿ ಡೇರೆಯಲ್ಲಿ, ಹಾಲಿ ಅಧ್ಯಕ್ಷರೂ ಗೆಲ್ಲುವ ಅಭ್ಯರ್ಥಿಯೂ ಆದ ಮಾನ್ಯರು ಕುದುರೆ ಮಾಂಸ ಸವಿಯುತ್ತಿದ್ದಾಗ ಬಲ್ಜಾನ್ ಎದ್ದು ನಿಂತಳು.

"ಬಾಯ್ಲರ್ ಯಾವಾಗ ರಿಪೇರಿ ಆಗತ್ತೆ? ತುರ್ಸಿನ್ ಅತಾ ಅವ್ರ ಸೊಸೆಗೆ ಬೆಳಿಗ್ಗೆಯಿಂದ ನೋವು. ಉಣ್ಣೆ ಗ್ಲೌಸು ಹಾಕ್ಕೊಂಡು ಹೆರಿಗೆ ಮಾಡಿಸ್ಲಾ?"

ಇಂಥ ಸಂದರ್ಭಕ್ಕೆ ನಮ್ಮಲ್ಲಿ ಏರ್ಪಾಡಿದೆ. ಊಟದ ಕೊನೆಗೆ ಹಿರಿಯರು ಅಂಗೈ ಮೇಲೆತ್ತಿ ಆಶೀರ್ವದಿಸುತ್ತಾರೆ. ಎಲ್ಲರೂ "ಓಮಿನ್", ಅಂದರೆ ಹಾಗೇ ಆಗಲಿ, ಎಂದು ಮುಖ ಸವರಿಕೊಂಡರೆ ಅಲ್ಲಿಗೆ ಸಭೆ ಮುಗಿಯಿತು, ಆಮೇಲೆ ಯಾರೂ ತುಟಿಪಿಟಿಕ್ಕೆನ್ನುವಂತಿಲ್ಲ. ಆ ದಿನದ ಹಿರಿಯರು ಊರಿಗೆಲ್ಲ ಅಜ್ಜನಾದ ಇದೇ ತುರ್ಸಿನ್ ಅತಾ.

"ಬೇಗ ಹರಸ್ಬಿಡಿ ಅತಾ," ಎಂದು ಕುವಾನಿಶ್ ಅವರ ಕಿವಿಯಲ್ಲಿ ಉಸುರಿದ.

ಅತಾ ಅಂಗೈ ಎತ್ತಿದರು. ಪಾಪ, ಬಲ್ಜಾನಳ ಕೈಗಳೂ ಅಭ್ಯಾಸಬಲದಿಂದ ಮೇಲೆದ್ದವು.

"ದೇಶ ತಣ್ಣಗಿರ್ಲಿ. ಆಸ್ಪತ್ರೆ ಮಾತ್ರ ಬೆಚ್ಚಗಿರ್ಲಿ. ಮಾನ್ಯರ ಕೃಪೆಯಿಂದ ಬಾಯ್ಲರ್ ಇವತ್ತೇ ಹೊತ್ಕೊಳ್ಳಲಿ. ನನ್ನ ಸೊಸೆ ಚಳೀಲಿ ನಡುಗದ ಹಾಗಾಗ್ಲಿ."

ಆಶೀರ್ವಾದದ ನಡುವೆ ಬಾಯಿ ಹಾಕುವ ಎದೆಗಾರಿಕೆ ಯಾವ ಸರ್ಕಾರಕ್ಕೂ ಇಲ್ಲ. ಮಾನ್ಯರೂ ಮುಖ ಸವರಿಕೊಂಡು "ಓಮಿನ್" ಎಂದರು. ನನಗಂತೂ ಒಳಗೊಳಗೇ ಹಿಗ್ಗಾಯಿತು, ಕೆಮ್ಮಿ ಮುಚ್ಚಿಕೊಂಡೆ.

ಆದರೆ ಮಾನ್ಯರ ಮಾತು ಸುಳ್ಳಾಗುವಂತಿಲ್ಲವಲ್ಲ. ಸಂಜೆಗೇ ಪ್ರಕಟಣೆ ಹೊರಟಿತು: "ಮಾನ್ಯರು ಓಮಿನ್ ಎಂದ ಕ್ಷಣದಿಂದ ಹೆರಿಗೆ ಆಸ್ಪತ್ರೆಯು ಬೆಚ್ಚಗಿರುತ್ತದೆ. ಅದರೊಳಗೆ ಕೋಟು ಧರಿಸುವುದನ್ನು ಅಪಪ್ರಚಾರವೆಂದು ಪರಿಗಣಿಸಲಾಗುವುದು." ಆಶೀರ್ವಾದ ಕೇಳಿದ್ದೇ ಬಾಯ್ಲರಿನತ್ತ ಹೊರಟಿದ್ದ ರಿಪೇರಿಯವನನ್ನು ಅರ್ಧ ದಾರಿಯಿಂದಲೇ ವಾಪಸು ಕರೆಸಿದೆವು. ಸರಿಯಿರುವುದನ್ನು ರಿಪೇರಿ ಮಾಡಿಸುವುದು ದುಂದುವೆಚ್ಚ.

ಮರುದಿನ ಟಿವಿಯವರೊಂದಿಗೆ ಹೋಗಿ, ಬಾಗಿಲಲ್ಲೇ ಕೋಟು ಕಳಚಿದೆವು. ಬಾಣಂತಿಯರು ತೆಳು ಅಂಗಿಯಲ್ಲಿ ಕೂತು ನಗುತ್ತಿದ್ದರು. ಬಾಯಿಂದ ಹಬೆ ಕಾಣದಂತೆ ಉಸಿರು ಬಿಗಿಹಿಡಿಯಲು ಅವರಿಗೆ ಸೂಚಿಸಲಾಗಿತ್ತು.

"ಸೆಕೆ ಅಲ್ವೇನಮ್ಮ?" ಎಂದ ಕುವಾನಿಶ್, ಹಲ್ಲು ಕಟಕಟಿಸುತ್ತ.

"ತಡ್ಕೊಳ್ಳಕ್ಕೇ ಆಗ್ತಿಲ್ಲ ಸಾಹೇಬ್ರೇ," ಎಂದಳು ಬಲ್ಜಾನ್.

ತುರ್ಸಿನ್ ಅತಾ ಆಗತಾನೇ ಹುಟ್ಟಿದ ಮೊಮ್ಮಗಳನ್ನು ಎತ್ತಿಕೊಂಡಿದ್ದರು. ಅದರ ತುಟಿ ನೀಲಿಗಟ್ಟಿತ್ತು.

"ಇದಕ್ಕಾದ್ರೂ ನನ್ನ ಕೋಟು ಹೊದಿಸ್ಲೇನಪ್ಪ?"

ಕುವಾನಿಶ್ ನಿಯಮಾವಳಿ ತಿರುವಿ ನೋಡಿದ. "ಹೊದಿಸಿ ಅತಾ. ಇದಕ್ಕಿನ್ನೂ ಮತದಾನದ ಹಕ್ಕಿಲ್ಲ."

ಕೂಸು ಮಾತ್ರ ಕ್ಯಾಮೆರಾದ ಎದುರಿಗೇ ಚೀರಿ ಅತ್ತಿತು. ಇಡೀ ಪಟ್ಟಣದಲ್ಲಿ ಚಳಿಯನ್ನು ಬಹಿರಂಗವಾಗಿ ಖಂಡಿಸಿದ್ದು ಅದೊಂದೇ. ಆದ್ದರಿಂದ ಮುಂದಿನ ಎಲ್ಲ ಸಭೆಗಳಿಗೂ ಭಿನ್ನಮತೀಯರಾಗಿ ಅದನ್ನೇ ನೇಮಿಸಲಾಗಿದೆ.

ಸಭೆಯ ಡೇರೆ ಬೆಚ್ಚಗಿರುತ್ತದೆಂದು ಗೊತ್ತಿದ್ದ ಅತಾ, ಕೂಡಲೇ ಒಪ್ಪಿಕೊಂಡರು.